ಸಮುದ್ರತೀರದಲ್ಲಿ ಕಪಿಗಳು ಹೇಳಿದ ಲೆಕ್ಕ



ಸುಂದರಕಾಂಡದ ಪಾರಾಯಣಕ್ಕೆ ಕುಳಿತವರೆಲ್ಲರ ಮನಸ್ಸೂ ಶ್ರೀ ಮುಖ್ಯಪ್ರಾಣದೇವರು ಮಹೇಂದ್ರಪರ್ವತದಿಂದ ಹಾರಿದ ಆ ದೃಶ್ಯದಲ್ಲಿಯೇ ನೆಡುತ್ತದೆ. ಅದು ಯುಕ್ತವೇ ಆಗಿದೆ. ಆದರೆ ಅದಕ್ಕೆ ಸ್ವಲ್ಪ ಮುಂಚೆ, ಕಿಷ್ಕಿಂಧಾಕಾಂಡದ ಕೊನೆಯ ಭಾಗದಲ್ಲಿ, ಅದೇ ಸಮುದ್ರತೀರದಲ್ಲಿ ಕಪಿಗಳ ಒಂದು ಸಭೆ ನಡೆಯಿತು. ಪಾರಾಯಣದ ಅವಸರದಲ್ಲಿ ನಾವು ಆ ಸಭೆಯನ್ನು ದಾಟಿ ಹೋಗುತ್ತೇವೆ. ಈ ಸಲ ಅಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳೋಣ.

ಸುಗ್ರೀವನು ಕೊಟ್ಟಿದ್ದ ಒಂದು ತಿಂಗಳ ಅವಧಿ ಮೀರಿಹೋಗಿತ್ತು. ಬರಿಗೈಯಲ್ಲಿ ಹಿಂದಿರುಗಿದರೆ ದಂಡನೆ ತಪ್ಪದೆಂದು ಹೆದರಿ ಅಂಗದನೇ ಮೊದಲಾದವರು ಪ್ರಾಯೋಪವೇಶಕ್ಕೆ ಕುಳಿತಿದ್ದರು. ಆಗ ಸಂಪಾತಿಯು, ಲಂಕೆಯು ನೂರು ಯೋಜನಗಳ ಆಚೆಗಿದೆಯೆಂಬ ಸುದ್ದಿಯನ್ನು ತಿಳಿಸಿದನು. ಸಂತೋಷದಿಂದ ಕುಣಿಯುತ್ತ ದಡಕ್ಕೆ ಬಂದ ಕಪಿಗಳು ಆ ಅಪಾರ ಜಲರಾಶಿಯನ್ನು ಕಂಡು ಸುಮ್ಮನಾದರು. ‘ಯಾರು ಎಷ್ಟು ಹಾರಬಲ್ಲಿರಿ, ಹೇಳಿರಿ’ ಎಂದು ಅಂಗದನು ಕೇಳಿದನು.

ಗಜನು ಹತ್ತು ಯೋಜನವೆಂದನು. ಗವಾಕ್ಷನು ಇಪ್ಪತ್ತೆಂದನು. ಹೀಗೆ ಏರುತ್ತ ಮೈಂದನು ಅರವತ್ತು, ದ್ವಿವಿದನು ಎಪ್ಪತ್ತು, ಸುಷೇಣನು ಎಂಬತ್ತು ಎಂದರು. ವೃದ್ಧನಾದ ಜಾಂಬವಂತನು, ‘ಹಿಂದೆ ನನ್ನ ಶಕ್ತಿ ಬೇರೆಯೇ ಇತ್ತು, ಈಗ ತೊಂಬತ್ತು ಹಾರಬಲ್ಲೆ, ಅಷ್ಟರಿಂದ ಕಾರ್ಯವಾಗದು’ ಎಂದನು. ಕೊನೆಗೆ ಅಂಗದನು, ‘ನೂರನ್ನೂ ಹಾರಬಲ್ಲೆ, ಹಿಂದಿರುಗುವ ಶಕ್ತಿ ಉಂಟೋ ಇಲ್ಲವೋ ನಿಶ್ಚಯವಿಲ್ಲ’ ಎಂದನು.

ಈ ಲೆಕ್ಕದ ಸೊಗಸನ್ನು ಗಮನಿಸಬೇಕು. ಹತ್ತು ಯೋಜನವೆಂದು ಹೇಳಿದ ಗಜನ ಮಾತಿನಿಂದ ಕಾರ್ಯಕ್ಕೆ ಏನೂ ಸಹಾಯವಿಲ್ಲ. ಆದರೂ ಅವನು ನಾಚಲಿಲ್ಲ, ಯಾರೂ ನಗಲಿಲ್ಲ. ಎಂಬತ್ತರವನು ಮೋಹದಿಂದ ನೂರು ಎಂದಿದ್ದರೆ ನಡುಗಡಲಿನಲ್ಲಿ ಮುಳುಗುತ್ತಿದ್ದವನು ಅವನೊಬ್ಬನೇ ಅಲ್ಲ, ಶ್ರೀರಾಮಕಾರ್ಯವೂ ಮುಳುಗುತ್ತಿತ್ತು. ತೊಂಬತ್ತರವನು ಪ್ರಾಣಭಯದಿಂದ ಇಪ್ಪತ್ತು ಎಂದಿದ್ದರೂ ಕೇಳುವವರಿರಲಿಲ್ಲ. ಅವನೂ ಹಾಗೆ ಹೇಳಲಿಲ್ಲ. ಇನ್ನು ಅಂಗದನ ಮಾತಂತೂ ನಮ್ಮಂತಹ ತರುಣರು ದಿನವೂ ನೆನೆಯತಕ್ಕದ್ದು. ಹೋಗುವ ಬಲವನ್ನು ಎಲ್ಲರೂ ಎಣಿಸುತ್ತಾರೆ. ಹಿಂದಿರುಗುವ ಬಲವನ್ನು ಎಣಿಸುವವರು ವಿರಳ. ಸಾಲ ಮಾಡಿ ಮನೆ ಕಟ್ಟಿಸಿದವರನ್ನು ಕೇಳಿದರೆ ಇದು ತಿಳಿಯುತ್ತದೆ!

ಇಷ್ಟಾದರೂ ಜಾಂಬವಂತನು ಅಂಗದನನ್ನು ಕಳುಹಿಸಲು ಒಪ್ಪಲಿಲ್ಲ. ಯುವರಾಜನು ಕಾರ್ಯದ ಮೂಲ. ಅವನು ಇತರರನ್ನು ಕಳುಹಿಸತಕ್ಕವನೇ ಹೊರತು ತಾನೇ ಹೋಗತಕ್ಕವನಲ್ಲ ಎಂದನು. ಶಕ್ತಿಯಿದ್ದ ಮಾತ್ರಕ್ಕೆ ಕೆಲಸವು ನಮ್ಮದಾಗುವುದಿಲ್ಲ. ನಾವು ನಿಂತಿರುವ ಸ್ಥಾನವನ್ನೂ ನೋಡಬೇಕಾಗುತ್ತದೆ.

ಇದೆಲ್ಲ ನಡೆಯುತ್ತಿರುವಾಗ ಶ್ರೀ ಹನುಮಂತದೇವರು ಒಂದು ಕಡೆ ಮೌನವಾಗಿ ಕುಳಿತಿದ್ದರು. ಋಷಿಶಾಪದಿಂದ ತಮ್ಮ ಬಲ ಅವರಿಗೆ ಮರೆತಿತ್ತೆಂಬ ಕಥೆಯು ಉತ್ತರಕಾಂಡದಲ್ಲಿದೆ. ಜೀವೋತ್ತಮರಾದ ವಾಯುದೇವರಿಗೆ ಅಜ್ಞಾನದ ಲೇಪವಿಲ್ಲವೆಂಬುದು ನಮ್ಮ ಸಿದ್ಧಾಂತವಾದುದರಿಂದ ಆ ಮೌನವನ್ನು ಮರೆವೆಂದು ನಾವು ತಿಳಿಯಲಾಗದು. ಕೇಳುವ ಮೊದಲೇ ತಮ್ಮ ಬಲವನ್ನು ಸಾರದಿರುವುದು ಬಲವಂತರ ಲಕ್ಷಣವೆಂದು ತಿಳಿಯೋಣ.

ಜೀವರು ಪರಸ್ಪರ ಭಿನ್ನರು, ಅವರಲ್ಲಿ ತಾರತಮ್ಯವುಂಟು, ಪ್ರತಿಯೊಬ್ಬನಿಗೂ ಅವನದೇ ಆದ ಸ್ವರೂಪಯೋಗ್ಯತೆಯಿದೆ ಎಂದು ಶ್ರೀಮದಾಚಾರ್ಯರು ಉಪದೇಶಿಸಿದ್ದಾರೆ. ಇದನ್ನು ಕೇಳಿದ ಕೆಲವರು, ‘ನಮ್ಮ ಯೋಗ್ಯತೆಯೇ ಇಷ್ಟು’ ಎಂದು ಕೈಕಟ್ಟಿ ಕುಳಿತುಬಿಡುತ್ತಾರೆ. ಸ್ವರೂಪಯೋಗ್ಯತೆಯು ನಮ್ಮ ಕಣ್ಣಿಗೆ ಕಾಣುವ ವಸ್ತುವಲ್ಲ. ಕಾಣುವುದು ಅಭ್ಯಾಸ ಮಾತ್ರ. ಪಾಠಶಾಲೆಯಲ್ಲಿ ಸಂತೆಯನ್ನು ಹತ್ತು ಸಲ ಹೇಳದೆ ಯೋಗ್ಯತೆಯನ್ನು ದೂರುವುದು ತತ್ತ್ವವಲ್ಲ, ಸೋಮಾರಿತನ. ವಿರಾಟಪರ್ವದ ಉತ್ತರಕುಮಾರನನ್ನು ನೋಡಿರಿ. ಅಂತಃಪುರದಲ್ಲಿ ಕೌರವರನ್ನು ಗೆದ್ದವನು, ಸೈನ್ಯವನ್ನು ಕಂಡೊಡನೆ ರಥದಿಂದ ಧುಮುಕಿ ಓಡಿದನು. ಅರ್ಜುನನು ಅವನನ್ನು ಹಿಡಿದು ತಂದು ಬಿಲ್ಲನ್ನು ಕೊಡಲಿಲ್ಲ, ಕುದುರೆಗಳ ಹಗ್ಗವನ್ನು ಕೊಟ್ಟನು. ಅದೇ ಹುಡುಗನು ಆ ದಿನವೆಲ್ಲ ರಥವನ್ನು ನಡೆಸಿದನು.

ಪರರ ಕಥೆ ಸಾಕು, ನಮ್ಮದನ್ನೂ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಶ್ರೀ ರಾಯರ ಆರಾಧನೆಯಲ್ಲಿ ಮೂರು ದಿನದ ಪ್ರವಚನದ ಜೊತೆಗೆ ಪಾಕಶಾಲೆಯ ವ್ಯವಸ್ಥೆಯನ್ನೂ ನಾವು ಒಪ್ಪಿಕೊಂಡೆವು. ಪ್ರವಚನವು ನಮಗೆ ಅಭ್ಯಾಸವಾದುದು. ಪಾಕಶಾಲೆಯ ವಿಷಯದಲ್ಲಿ ಊಟ ಮಾಡುವುದರ ಹೊರತು ಬೇರೆ ಪರಿಚಯ ನಮಗಿರಲಿಲ್ಲ. ‘ಬಿ.ಎ. ಓದಿದವರಿಗೆ ಇದೇನು ಮಹಾ’ ಎಂದು ಯಾರೋ ಅಂದರು, ನಾವು ನಂಬಿದೆವು. ಮಧ್ಯಾರಾಧನೆಯ ದಿನ ಎರಡನೆಯ ಪಂಕ್ತಿಗೆ ಎಲೆ ಹಾಕಿದ ಮೇಲೆ ಅನ್ನ ಸಾಲದೆಂದು ತಿಳಿಯಿತು. ವೃದ್ಧರು, ಮಕ್ಕಳು, ಉಪವಾಸವಿದ್ದ ಸುವಾಸಿನಿಯರು ಎಲೆಯ ಮುಂದೆ ಒಂದೂವರೆ ಗಂಟೆ ಕುಳಿತರು. ಯಾರೂ ನಮ್ಮನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ರಾತ್ರಿ ನಮ್ಮ ತಂದೆಯವರು ಕೇಳಿದರು: ‘ನೂರು ಎಲೆಗೆ ಅಕ್ಕಿ ಎಷ್ಟೆಂದು ಅಡುಗೆಯವರನ್ನು ಕೇಳಿದೆಯೇನಪ್ಪಾ?’

‘ಇಲ್ಲ.’

‘ಏಕೆ?’

ನಮಗೆ ತಿಳಿಯದೆಂಬುದು ಅವರಿಗೆ ತಿಳಿದೀತೆಂಬ ನಾಚಿಕೆಯಿಂದ, ಎಂದು ಹೇಳಲು ನಾಲಗೆ ಏಳಲಿಲ್ಲ. ಅವರಿಗೆ ಅರ್ಥವಾಯಿತೆಂದು ತೋರುತ್ತದೆ, ಮತ್ತೆ ಕೇಳಲಿಲ್ಲ.

ಕಳೆದ ವರ್ಷ ಚೈತ್ರದಲ್ಲಿ ಇದೇ ವಾನರರ ಸಭೆಯನ್ನು ಕುರಿತು ನಾವು ಪ್ರವಚನ ಮಾಡಿದೆವು. ಜಾಂಬವಂತನ ಬಲವು ಕುಗ್ಗಿದ ಕಾರಣವನ್ನು ಶ್ರೀಮದಾಚಾರ್ಯರು ಮಹಾಭಾರತತಾತ್ಪರ್ಯನಿರ್ಣಯದಲ್ಲಿ ಹೇಳಿದ್ದಾರೆ. ಭಗವಂತನು ತ್ರಿವಿಕ್ರಮನಾಗಿ ಲೋಕಗಳನ್ನು ಅಳೆದಾಗ ಜಾಂಬವಂತನು ಘೋಷಮಾಡುತ್ತ ಮೂರು ಲೋಕಗಳನ್ನು ಸುತ್ತಿದನಂತೆ. ಆಗ ಮೇರುಪರ್ವತದಿಂದ ಅವನ ಮೊಣಕಾಲಿಗೆ ನೋವಾಯಿತಂತೆ. ಭಗವಂತನ ಸೇವೆಯಲ್ಲಿ ನೊಂದ ಮೊಣಕಾಲು! ಈ ಪ್ರಸಂಗವನ್ನು ನಾವು ಬಹಳ ವಿಸ್ತಾರವಾಗಿ ವರ್ಣಿಸಿದೆವು. ತಂದೆಯವರು ಕಂಬಕ್ಕೆ ಒರಗಿ ಕುಳಿತು ಕೇಳುತ್ತಿದ್ದರು.

ನಲವತ್ತು ವರ್ಷಗಳಿಗೂ ಮಿಗಿಲಾಗಿ ಅಭಿಷೇಕದ ಮಡಿನೀರನ್ನು ಬಾವಿಯಿಂದ ಸೇದಿ ಗರ್ಭಗುಡಿಗೆ ಹೊತ್ತವರು ಅವರೇ. ಈಚೆಗೆ ಬಾವಿಯಿಂದ ಹೊಸ್ತಿಲಿನವರೆಗೆ ಮೂರು ಕಡೆ ಕೊಡವನ್ನು ಇಳಿಸುತ್ತಿದ್ದರು. ನಾವು ಅದನ್ನು ಕಂಡಿದ್ದೆವು. ಕೇಳಿದರೆ ನೊಂದಾರೆಂದು ಕೇಳಿರಲಿಲ್ಲ. ಹೇಳಿದರೆ ಸೇವೆ ತಪ್ಪೀತೆಂದು ಅವರು ಹೇಳಿರಲಿಲ್ಲ.

ಮಂಗಳಾರತಿಯಾದ ಮೇಲೆ ಅವರು ನಮ್ಮನ್ನು ಹತ್ತಿರ ಕರೆದರು. ‘ಚೆನ್ನಾಗಿ ಹೇಳಿದೆ’ ಎಂದರು. ಸ್ವಲ್ಪ ತಡೆದು, ‘ನೋಡು, ಆ ಕೊಡ ಇನ್ನು ನನ್ನಿಂದಾಗದು. ಕುಳಿತು ಅಲಂಕಾರ ಮಾಡಬಲ್ಲೆ, ತುಳಸಿ ಕಟ್ಟಬಲ್ಲೆ, ಮಂತ್ರ ಹೇಳಬಲ್ಲೆ. ನಾಳೆಯಿಂದ ನೀರು ನೀನು ತಾ’ ಎಂದರು.

ಮರುದಿನ ಬೆಳಗಿನ ಜಾವ ನಾವು ಸ್ನಾನಮಾಡಿ ಬಾವಿಗೆ ಹೋದೆವು. ತಾಮ್ರದ ಆ ಕೊಡವನ್ನು ಹೊತ್ತು ಬರುವಾಗ ನಾವೂ ಎರಡು ಕಡೆ ಇಳಿಸಬೇಕಾಯಿತು. ತಂದೆಯವರು ಗರ್ಭಗುಡಿಯ ಬಾಗಿಲಲ್ಲಿ ಮಣೆಯ ಮೇಲೆ ಕುಳಿತು ತುಳಸಿಯನ್ನು ಕಟ್ಟುತ್ತಿದ್ದರು. ತಲೆಯೆತ್ತದೆಯೇ, ‘ನಿಧಾನ, ಹೊಸ್ತಿಲಿದೆ’ ಎಂದರು.

॥ ಶ್ರೀಕೃಷ್ಣಾರ್ಪಣಮಸ್ತು ॥