ಇಂದಿನ ಧಮ್ಮ ಚಿಂತನೆ: ಅಜ್ಜನ ಕಾಲು



ತಿಮಿಂಗಿಲ, ಡಾಲ್ಫಿನ್‌ಗಳ ಹೊಟ್ಟೆಯ ಅನಿಸಾಕಿಸ್ ಹುಳದ ಮೊಟ್ಟೆ ಮಲದೊಂದಿಗೆ ಕಡಲಿಗೆ ಬೀಳುತ್ತದೆ. ಮರಿ ಸೀಗಡಿಯಂಥ ಜೀವಿಗೆ, ಅಲ್ಲಿಂದ ಮೀನಿಗೆ, ಮತ್ತೆ ತಿಮಿಂಗಿಲಕ್ಕೆ. ಓದುತ್ತಾ ಆಳಂದ ಕಡೆಯ ನಮ್ಮಜ್ಜನ ನಾರುಹುಣ್ಣು ನೆನಪಾಯಿತು. ಹುಳವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟೇ ಎಳೆಯುತ್ತಿದ್ದರಂತೆ. ಪೂರ್ವಜನ್ಮದ ಕರ್ಮ ಎಂದರು ಊರವರು.

ಕಾರಣ ಇದ್ದದ್ದು ಮೆಟ್ಟಿಲುಬಾವಿಯಲ್ಲಿ. ಹುಣ್ಣಿನ ಕಾಲು ನೀರಿಗಿಳಿದರೆ ಮರಿಗಳು ಹೊರಬರುತ್ತವೆ, ಅವನ್ನು ಸೈಕ್ಲಾಪ್ಸ್ ಎಂಬ ಪುಟ್ಟ ನೀರುಜೀವಿ ನುಂಗುತ್ತದೆ, ಆ ನೀರು ಕುಡಿದವರಿಗೆ ಸುಮಾರು ವರ್ಷಕ್ಕೆ ಹುಣ್ಣು. ನಮ್ಮವರಿಗೆ ಮೆಟ್ಟಿಲು ಇಳಿಯಲು ಬಿಡುತ್ತಿರಲಿಲ್ಲ. ಇಳಿದವರ ಕಾಲು ತೊಳೆದ ನೀರನ್ನೇ ಮೇಲಿಂದ ಹೊಯ್ಯುತ್ತಿದ್ದರು!

ಪಟಿಚ್ಚ ಸಮುಪ್ಪಾದ ಎಂದರೆ ನನಗೆ ಈಗ ಆ ಬಾವಿಯೇ ಕಾಣುತ್ತದೆ. ಬಟ್ಟೆಯಲ್ಲಿ ಸೋಸಿದ್ದರೆ ಕೊಂಡಿ ಕಳಚುತ್ತಿತ್ತು. 2000ರಲ್ಲಿ ಭಾರತ ನಾರುಹುಣ್ಣುಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಅಜ್ಜ ಅಷ್ಟರಲ್ಲಿ, ತಾನೇ ಪಾಪಿ ಎಂದುಕೊಂಡು ಹೋಗಿಬಿಟ್ಟಿದ್ದ.