ಯಾರದೋ ಮಗು, ನಮ್ಮ ಮಗು

ಸಂಘದ ಯುಗಾದಿ ಊಟಕ್ಕೆ ಈಚೆಗೆ ಒಂದು ಹೊಸ ಪದ್ಧತಿ ಬಂದಿದೆ. ಚಿತ್ರಾನ್ನದ ಪಾತ್ರೆಯ ಮುಂದೆ 'ಕಡಲೇಕಾಯಿ ಇದೆ' ಎಂದು ಚೀಟಿ ಇಡುತ್ತೇವೆ. ಬಸವನಗುಡಿಯ ಪರಿಷೆಯಲ್ಲಿ ಸೇರುಗಟ್ಟಲೆ ಕಡಲೇಕಾಯಿ ತಿಂದು ಬೆಳೆದ ನಮಗೆ ಮೊದಮೊದಲು ನಗು ಬರುತ್ತಿತ್ತು. ಒಂದು ಕಾಳಿಗೆ ಮಗುವಿನ ತುಟಿ ಊದಿ ಉಸಿರು ಕಟ್ಟುವುದನ್ನು ಕಂಡ ತಾಯಿಗೆ ಅದು ನಗುವ ವಿಷಯವಲ್ಲ.

ನಮ್ಮ ಮಗಳು ಹುಟ್ಟಿದ್ದು 1998ರಲ್ಲಿ. ಅಲರ್ಜಿ, ಆಸ್ತಮಾ ಇರುವ ಮನೆತನದ ಮಕ್ಕಳಿಗೆ ಮೂರು ವರ್ಷ ತುಂಬುವ ತನಕ ಕಡಲೇಕಾಯಿ ಕೊಡಬೇಡಿ ಎಂದು ಇಲ್ಲಿ ಬ್ರಿಟನ್ನಿನಲ್ಲಿ ಸರ್ಕಾರವೇ ಸಲಹೆ ಕೊಟ್ಟ ವರ್ಷ ಅದು. ನಾವೂ ಚಾಚೂ ತಪ್ಪದೆ ಪಾಲಿಸಿದೆವು.

ಈ ಸಲಹೆ ಸರಿಯೇ ಎಂದು ಲಂಡನ್ನಿನ ವೈದ್ಯ ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರಿಗೆ ಅನುಮಾನ ಬಂತು. ಎಳವೆಯಲ್ಲೇ ಕಡಲೇಕಾಯಿ ತಿಂಡಿ ತಿನ್ನುವ ಇಸ್ರೇಲಿನ ಮಕ್ಕಳಿಗಿಂತ ಬ್ರಿಟನ್ನಿನ ಯಹೂದಿ ಮಕ್ಕಳಲ್ಲಿ ಈ ಅಲರ್ಜಿ ಸುಮಾರು ಹತ್ತು ಪಟ್ಟು ಹೆಚ್ಚಿತ್ತು. 2006ರಿಂದ ಅವರು 640 ಕೂಸುಗಳನ್ನು ಸೇರಿಸಿಕೊಂಡರು. ಎಲ್ಲವೂ ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದವು. ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಐದು ವರ್ಷ ತುಂಬುವ ತನಕ ಒಂದು ಪಾಲಿಗೆ ವಾರವಾರವೂ ಕಡಲೇಕಾಯಿ ತಿನ್ನಿಸಿದರು, ಇನ್ನೊಂದಕ್ಕೆ ಮುಟ್ಟಿಸಲಿಲ್ಲ. ಫಲಿತಾಂಶ ಬಂದದ್ದು 2015ರಲ್ಲಿ. ತಿಂದವರಲ್ಲಿ ನೂರಕ್ಕೆ ಸುಮಾರು 3 ಮಕ್ಕಳಿಗೆ ಅಲರ್ಜಿ, ದೂರವಿಟ್ಟವರಲ್ಲಿ 17. ಆ ಮಕ್ಕಳಿಗೆ ಹನ್ನೆರಡು ದಾಟಿದ ಮೇಲೂ ಅಂತರ ಉಳಿದೇ ಇತ್ತೆಂದು 2024ರಲ್ಲಿ ಪ್ರಕಟವಾಯಿತು.

ನಮ್ಮ ಮನಸ್ಸು ನಿಲ್ಲುವುದು ಆ ಹದಿನೇಳರ ಮೇಲೆ. ಇನ್ನೊಂದು ಚೀಟಿ ಬಂದಿದ್ದರೆ ಅವರಲ್ಲಿ ಹಲವರು ಇಂದು ಚಿಂತೆಯಿಲ್ಲದೆ ಉಣ್ಣುತ್ತಿದ್ದರು. ಇದು ಅನ್ಯಾಯವೇ? ಹಾಗೆನ್ನುವುದೂ ಕಷ್ಟ. ಆಗ ಉತ್ತರ ಯಾರಿಗೂ ಗೊತ್ತಿರಲಿಲ್ಲ. ಅಪಾಯವಿದ್ದಂತೆ ಕಂಡದ್ದು ತಿನ್ನಿಸುವುದರಲ್ಲೇ. ಆದರೂ ಸಹಿ ಹಾಕಿದ್ದು ತಂದೆತಾಯಿ, ಕೂಸಲ್ಲ.

ನಮಗೂ ಒಮ್ಮೆ ಇಂಥ ಪತ್ರ ಬಂದಿತ್ತು. ಮಗಳ ಉಸಿರಾಟವನ್ನು, ಮನೆಯ ಧೂಳನ್ನು ವರ್ಷವರ್ಷವೂ ಪರೀಕ್ಷಿಸುವ ಆಸ್ತಮಾ ಅಧ್ಯಯನ. 'ನಮ್ಮ ಮಗು ಏನು ಪ್ರಯೋಗದ ಇಲಿಯೇ?' ಎಂದು ಕಸದ ಬುಟ್ಟಿಗೆ ಹಾಕಿದೆವು. ಊರಿನಿಂದ ಅಮ್ಮನೂ ಫೋನಿನಲ್ಲಿ, 'ಒಳ್ಳೇ ಕೆಲಸ ಮಾಡಿದಿರಿ' ಅಂದರು.

ಈಗ ಮೊಮ್ಮಗನಿಗೆ ಏಳು ತಿಂಗಳು. ಕಡಲೇಕಾಯಿ ಬೆಣ್ಣೆಯನ್ನು ತೆಳುಮಾಡಿ ತಿನ್ನಿಸಿ ಎಂದು ನರ್ಸಮ್ಮ ಹೇಳಿದಾಗ ಯಾರೂ ಹಿಂದೆಮುಂದೆ ನೋಡಲಿಲ್ಲ. (ಇಡೀ ಕಾಳು ಕೊಡಬೇಡಿ, ಗಂಟಲಲ್ಲಿ ಸಿಕ್ಕೀತು. ತೀವ್ರ ಇಸುಬಿದ್ದರೆ ಮೊದಲು ಡಾಕ್ಟರನ್ನು ಕೇಳಿ.) ಯಾರದೋ ಮಕ್ಕಳು ಐದು ವರ್ಷ ಆಸ್ಪತ್ರೆಗೆ ಅಲೆದು ಗಳಿಸಿಕೊಟ್ಟ ತಿಳಿವಳಿಕೆಯನ್ನು ನಾವು ಚಮಚದಲ್ಲಿ ತೆಗೆದುಕೊಂಡೆವು. ಅಂದು ಒಪ್ಪಲೇಬೇಕಿತ್ತು ಎಂದು ಈಗಲೂ ಅನ್ನಲಾರೆವು. ಪತ್ರವನ್ನು ಓದಬೇಕಿತ್ತು, ನಾಲ್ಕು ಪ್ರಶ್ನೆ ಕೇಳಬೇಕಿತ್ತು. ಅಷ್ಟೂ ಮಾಡಲಿಲ್ಲ.