ರುಚಿ ಮತ್ತು ಮಿತಿ

ಕುಡಿತದಿಂದ ಸಂಸಾರಗಳು ಒಡೆದುಹೋಗುವುದನ್ನು ಕಣ್ಣಾರೆ ಕಂಡವರು ನೀವು. ನಿಮ್ಮ ಮುಂದೆ ಬಿಯರಿನ ರುಚಿಯನ್ನು ಕುರಿತು ಮಾತನಾಡುವುದು ಸರಿಯೇ? ಈ ಪ್ರಶ್ನೆಯನ್ನು ಬದಿಗಿರಿಸದೆಯೇ ಮುಂದುವರಿಯೋಣ. ರುಚಿ ನೋಡುವುದಕ್ಕೂ ಅಮಲೇರಿಸಿಕೊಳ್ಳುವುದಕ್ಕೂ ಇರುವ ಅಂತರವನ್ನು ಅರಿತರೆ ಸಂಯಮವೆಂಬ ಸದ್ಗುಣದ ಅರ್ಥವೂ ತಿಳಿದೀತು.

ಫ್ರಾನ್ಸಿನ ಉತ್ತರ ತುದಿಯಲ್ಲಿ, ಬೆಲ್ಜಿಯಂ ಗಡಿಗೆ ತಾಗಿಕೊಂಡಿರುವ ಬೇಸಾಯದ ನಾಡಿನಲ್ಲಿ, 'ಬಿಯೆರ್ ದ ಗಾರ್ದ್' ಎಂಬ ಬಿಯರನ್ನು ತಯಾರಿಸುತ್ತಾರೆ. ಕಾಯ್ದಿರಿಸುವ ಬಿಯರ್ ಎಂಬುದು ಆ ಹೆಸರಿನ ಅರ್ಥ. ಬೇಸಿಗೆಯ ಬಿಸಿಯಲ್ಲಿ ಹುದುಗು ಕೆಡುತ್ತಿತ್ತು. ಆದುದರಿಂದ ರೈತರು ಹೊಲದ ಕೆಲಸವಿಲ್ಲದ ಚಳಿಗಾಲದಲ್ಲೇ ಅದನ್ನು ಕಾಯಿಸಿ, ಹುದುಗಿಸಿ, ತಂಪಾದ ನೆಲಮಾಳಿಗೆಯಲ್ಲಿರಿಸಿ, ಬೇಸಿಗೆಯ ದುಡಿಮೆಗಾಗಿ ಉಳಿಸುತ್ತಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಆ ಪ್ರದೇಶವನ್ನು ಆಕ್ರಮಿಸಿದ ಜರ್ಮನ್ ಸೈನ್ಯವು ಬಿಯರ್ ಕಾಯಿಸುವ ತಾಮ್ರದ ಹಂಡೆಗಳನ್ನೂ ಕಿತ್ತುಕೊಂಡು ಹೋಯಿತು. ಆದರೂ ಪದ್ಧತಿ ಅಳಿಯಲಿಲ್ಲ. ಜಾನ್‌ಲ್ಯಾಂ ಎಂಬ ಹಳ್ಳಿಯಲ್ಲಿ 1922ರಲ್ಲಿ ಡ್ಯುಯಿಕ್ ಕುಟುಂಬವು ಬಿಯರ್ ತಯಾರಿಕೆಯನ್ನು ಆರಂಭಿಸಿತು. ಅಲ್ಲಿನ ಕಂದುಗೆಂಪು ಬಿಯರ್ ಷಾಂಪೇನ್ ಬಾಟಲಿಯಲ್ಲಿ, ಕಾರ್ಕ್ ಬಿರಡೆಯೊಂದಿಗೆ ಹೆಸರುವಾಸಿಯಾಯಿತು.

ಇದನ್ನು ಬಲ್ಲವರು ಹೇಗೆ ಸವಿಯುತ್ತಾರೆಂಬುದನ್ನು ಗಮನಿಸಿ. ಮಂಜುಗಡ್ಡೆಯಷ್ಟು ತಣ್ಣಗೆ ಮಾಡುವುದಿಲ್ಲ. ಅತಿಯಾದ ತಂಪು ನಾಲಿಗೆಯನ್ನು ಮರಗಟ್ಟಿಸಿ ಪರಿಮಳವನ್ನು ಅಡಗಿಸುತ್ತದೆ. ಅಗಲ ಬಾಯಿಯ ಲೋಟಕ್ಕೆ ಸ್ವಲ್ಪವೇ ಸುರಿದು, ಮೊದಲು ಜೇನಿನಂಥ ಬಣ್ಣವನ್ನೂ ನೊರೆಯನ್ನೂ ನೋಡುತ್ತಾರೆ. ಬಳಿಕ ಮೂಸುತ್ತಾರೆ: ಹುರಿದ ಧಾನ್ಯ, ರೊಟ್ಟಿಯ ಹೊರಪದರ, ಕೆಲವೊಮ್ಮೆ ನೆಲಮಾಳಿಗೆಯ ತೇವದ ವಾಸನೆ. ಕೊನೆಗೆ ಒಂದು ಗುಟುಕು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಸಿಹಿ ಮುಂದೆ ಬರುತ್ತದೆ, ಹಾಪ್ಸ್ ಹೂವಿನ ಕಹಿ ಹಿಂದೆ ನಿಲ್ಲುತ್ತದೆ. ವಾರಗಟ್ಟಲೆ ತಂಪಿನಲ್ಲಿ ಕಾದಿದ್ದರಿಂದ ಅದರ ಒರಟುತನವೆಲ್ಲ ಇಳಿದು ಮೃದುವಾಗಿರುತ್ತದೆ. ಆದರೆ ಈ ಮೃದುತ್ವ ಮೋಸಗೊಳಿಸಬಲ್ಲದು. ಅದರಲ್ಲಿ ಸಾಮಾನ್ಯವಾಗಿ ಶೇಕಡಾ 6ರಿಂದ 8ರಷ್ಟು ಮದ್ಯಸಾರವಿದೆ.

ಇಲ್ಲಿಯೇ ನಮ್ಮ ಪ್ರಶ್ನೆ ತಲೆಯೆತ್ತುತ್ತದೆ. ರುಚಿಗೆ ಎಚ್ಚರ ಬೇಕು. ಅಮಲು ಎಚ್ಚರವನ್ನೇ ತಿನ್ನುತ್ತದೆ. ಮೊದಲ ಲೋಟದಲ್ಲಿ ಕಂಡ ರೊಟ್ಟಿಯ ಪರಿಮಳ ನಾಲ್ಕನೆಯದರಲ್ಲಿ ಯಾರಿಗೂ ಕಾಣದು. ಮಿತಿಯೆಂಬುದು ಸುಖದ ಶತ್ರುವಲ್ಲ, ಅದರ ಕಾವಲುಗಾರ. ಕನ್ನಡದ 'ಕಾಯು' ಎಂಬ ಮಾತಿಗೆ ನಿರೀಕ್ಷಿಸು ಎಂಬ ಅರ್ಥವೂ ಇದೆ, ರಕ್ಷಿಸು ಎಂಬ ಅರ್ಥವೂ ಇದೆ. ಸಂಯಮದಲ್ಲಿ ಇವೆರಡೂ ಸೇರಿವೆ.

ಧರ್ಮಸಭೆಯ ಪರಂಪರೆಯೂ ಇದನ್ನೇ ಕಲಿಸುತ್ತದೆ. ಬಿಯರನ್ನು ಆಶೀರ್ವದಿಸುವ ಪ್ರಾರ್ಥನೆಯೊಂದು ರೋಮನ್ ವಿಧಿಗ್ರಂಥದಲ್ಲಿದೆ. ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಾವಳಿಯಲ್ಲಿ ದಿನಕ್ಕೆ ಇಷ್ಟೇ ದ್ರಾಕ್ಷಾರಸವೆಂದು ಅಳತೆ ಗೊತ್ತುಪಡಿಸಿದರು. ಪೂರ್ಣವಾಗಿ ವರ್ಜಿಸುವ ವರ ಪಡೆದವರಿಗೆ ವಿಶೇಷ ಪ್ರತಿಫಲವಿದೆ ಎಂದೂ ತಿಳಿಸಿದರು. ಸಂತ ತೋಮಸ್ ಅಕ್ವಿನಾಸರ ಪ್ರಕಾರ ಅರಿತೂ ಅರಿತೂ ವಿವೇಕವನ್ನು ಕಳೆದುಕೊಳ್ಳುವುದೇ ಕುಡುಕತನದ ಪಾಪ. ಕಾರಣವಿಲ್ಲದೆ ಎಲ್ಲ ಸುಖವನ್ನೂ ತಿರಸ್ಕರಿಸುವುದೂ ದೋಷವೇ. ಒಳ್ಳೆಯ ಉದ್ದೇಶಕ್ಕಾಗಿ ತ್ಯಜಿಸುವುದು ಮಾತ್ರ ಪ್ರಶಂಸನೀಯ.

ಆದರೂ ಒಂದು ಎಚ್ಚರಿಕೆ ಅಗತ್ಯ. ರುಚಿಯ ತಿಳಿವಳಿಕೆಯೇ ಸದ್ಗುಣವಲ್ಲ. ಪರಿಮಳವನ್ನು ಬಣ್ಣಿಸಬಲ್ಲ ನಾಲಿಗೆಯೂ ಚಟಕ್ಕೆ ಬೀಳಬಹುದು. ಸೊಗಸಾದ ಮಾತು ಚಟಕ್ಕೆ ಹೊದಿಕೆಯಾಗಬಹುದು. ಒಂದು ಗುಟುಕಿಗೆ ನಿಲ್ಲಲಾರದವನಿಗೆ ಆ ಒಂದು ಗುಟುಕೂ ಮಿತಿಯಲ್ಲ. ಅವನ ಪಾಲಿಗೆ ಬೇಡವೆನ್ನುವುದೇ ಸಂಯಮ, ಅದೇ ಶೌರ್ಯ.

ಮದುವೆಯ ಮನೆಯಲ್ಲಿ ಅತಿಥಿಯೊಬ್ಬರು ಲೋಟದ ಮೇಲೆ ಕೈಯಿಟ್ಟು ಬೇಡವೆಂದಾಗ, "ಇವತ್ತೊಂದು ದಿನ ತಾನೇ?" ಎಂದು ನಾವು ಒತ್ತಾಯಿಸಿಲ್ಲವೇ? ಆ ಕೈಯ ಹಿಂದೆ ಎಷ್ಟು ವರ್ಷಗಳ ಹೋರಾಟವಿದೆಯೋ, ಮನೆಯಲ್ಲಿ ಯಾರ ಕಣ್ಣೀರಿದೆಯೋ, ನಮಗೆ ಗೊತ್ತೇ? ಸಹೋದರನು ಎಡವುವಂತಾದರೆ ದ್ರಾಕ್ಷಾರಸವನ್ನೇ ಬಿಡುವುದು ಲೇಸೆಂದು ಸಂತ ಪೌಲರು ರೋಮನರಿಗೆ ಬರೆದ ಪತ್ರದಲ್ಲಿ ಬೋಧಿಸಿದ್ದಾರೆ. ನಮ್ಮ ಒಂದು ಲೋಟದ ಸವಿಗಿಂತ ಆ ಸಹೋದರನ ಮನೆಯ ನೆಮ್ಮದಿ ದೊಡ್ಡದು.

ಮುಂದಿನ ಔತಣದಲ್ಲಿ ಅಂಥ ಕೈಯೊಂದನ್ನು ಕಂಡಾಗ ಕಾರಣ ಕೇಳದೆ, ನಗುಮುಖದಿಂದ, ಅವರ ಮುಂದೆ ಒಂದು ಲೋಟ ನೀರಿಡೋಣ.